ಆರ್15ರ ಚೈನ್ ಸ್ಪ್ರಾಕೆಟ್ ಮನೆಯಲ್ಲೇ ಬದಲಿಸುವುದು: ಬಿಚ್ಚುವ ಕ್ರಮದಿಂದ ಕೊನೆಯ ಬಿಗಿತದವರೆಗೆ

ಬೈಕಿನ ಚೈನ್ ಸ್ಪ್ರಾಕೆಟ್ (ಚೈನು ಹಾಯುವ ಹಲ್ಲಿನ ಗಾಲಿ) ಬದಲಿಸುವ ಕೆಲಸಕ್ಕೆ ದೊಡ್ಡ ಕೈಚಳಕವೇನೂ ಬೇಡ. ಆದರೆ ಕ್ರಮ ತಪ್ಪಿದರೆ ಅರ್ಧ ದಿನ ಹಾಳು. ಮೊದಲು ಚೈನ್ ಕತ್ತರಿಸಿ, ಚಕ್ರ ಕಳಚಿ ನೆಲಕ್ಕೆ ಮಲಗಿಸಿ, ಆಮೇಲೆ ಸ್ಪ್ರಾಕೆಟ್ ನಟ್ಟಿಗೆ ಸ್ಪ್ಯಾನರ್ ಹಾಕಿದರೆ ನಟ್ಟಿನ ಜೊತೆಗೆ ಚಕ್ರವೂ ಸುತ್ತುತ್ತದೆ. ಎಂಜಿನ್ ಬದಿಯ ಮುಂದಿನ ಸ್ಪ್ರಾಕೆಟ್ಟಿನದೂ ಇದೇ ಕಥೆ. ಬಿಗಿಯಾದ ನಟ್ಟುಗಳನ್ನೆಲ್ಲ ಚೈನು, ಚಕ್ರ, ಬ್ರೇಕು ಇನ್ನೂ ಜಾಗದಲ್ಲಿರುವಾಗಲೇ ತುಸು ಸಡಿಲಿಸಿಟ್ಟುಕೊಂಡರೆ ಉಳಿದದ್ದು ಸಲೀಸು.

ಇಲ್ಲಿ ಉದಾಹರಣೆಗೆ ಇಟ್ಟುಕೊಂಡಿರುವುದು ಯಮಾಹಾ ಆರ್15 ವರ್ಷನ್ 3. 155 ಸಿಸಿ ಎಂಜಿನ್ನು, ಮುಂದೆ 14 ಹಲ್ಲು, ಹಿಂದೆ 48 ಹಲ್ಲು, 428 ಅಳತೆಯ ಚೈನು. ಆರ್15ರ ಎಲ್ಲ ವರ್ಷನ್ನುಗಳಿಗೂ ಒಂದೇ ಹಲ್ಲುಲೆಕ್ಕ ಇಲ್ಲ. ಹಾಗಾಗಿ ಕಿಟ್ ಕೊಳ್ಳುವ ಮೊದಲು ನಿಮ್ಮ ಗಾಡಿಯಲ್ಲಿರುವುದನ್ನು ಎಣಿಸಿ. ನಿಂಜಾ 300, ಸಿಬಿಆರ್ 250ಆರ್, ಆರ್‌ಸಿ 390ರಂಥ ಗಾಡಿಗಳಿಗೂ ವಿಧಾನ ಇದೇ, ಅವುಗಳ ಚೈನು ಮಾತ್ರ 520.

ಬದಲಿಸುವ ಕಾಲ ಬಂದಿದೆಯೇ?

ಹಿಂದಿನ ಸ್ಪ್ರಾಕೆಟ್ಟಿನ ತೀರಾ ಹಿಂಬದಿಗೆ, ಅಂದರೆ ನಂಬರ್ ಪ್ಲೇಟಿನ ಕಡೆಗೆ ಇರುವ ಹಲ್ಲಿನ ಮೇಲಿನ ಚೈನನ್ನು ಎರಡು ಬೆರಳಲ್ಲಿ ಹಿಡಿದು ಹಿಂದಕ್ಕೆ ಎಳೆದು ನೋಡಿ. ಅರ್ಧ ಹಲ್ಲಿಗಿಂತ ಹೆಚ್ಚು ಬಯಲಾದರೆ ಚೈನಿನ ಆಯುಸ್ಸು ಮುಗಿದಂತೆ. ಅಳತೆಯಲ್ಲೇ ಖಚಿತ ಮಾಡಿಕೊಳ್ಳಬೇಕೆಂದರೆ ಕೆಳಗಿನ ಚೈನನ್ನು ಎಳೆದು ಹಿಡಿದು 21 ಪಿನ್ನುಗಳನ್ನು, ಅಂದರೆ 20 ಲಿಂಕ್‌ಗಳನ್ನು, ಮೊದಲ ಪಿನ್ನಿನ ನಡುವಿನಿಂದ ಕೊನೆಯ ಪಿನ್ನಿನ ನಡುವಿನವರೆಗೆ ಅಳೆಯಿರಿ. 428 ಚೈನಿನ ಪಿಚ್ (ಒಂದು ಪಿನ್ನಿನ ನಡುವಿನಿಂದ ಮುಂದಿನ ಪಿನ್ನಿನ ನಡುವಿಗಿರುವ ದೂರ) 12.7 ಮಿ.ಮೀ. ಆದ್ದರಿಂದ ಹೊಸದರಲ್ಲಿ ಈ ಅಳತೆ 254 ಮಿ.ಮೀ. ಇರುತ್ತದೆ. 259ರ ಹತ್ತಿರ ಬಂದಿದ್ದರೆ ತಡ ಮಾಡುವುದು ಬೇಡ. 520ಕ್ಕೆ ಹೊಸದು 317.5, ಮಿತಿ 323 ಮಿ.ಮೀ. ಒಂದೇ ಕಡೆ ಅಳೆದು ಸುಮ್ಮನಾಗಬೇಡಿ. ಚೈನು ಎಲ್ಲ ಕಡೆ ಸಮನಾಗಿ ಸವೆಯುವುದಿಲ್ಲ. ಮೂರ್ನಾಲ್ಕು ಜಾಗದಲ್ಲಿ ಅಳೆದು ದೊಡ್ಡ ಅಂಕಿಯನ್ನೇ ಹಿಡಿಯಿರಿ.

ಹಲ್ಲುಗಳನ್ನು ಪಕ್ಕದಿಂದ ನೋಡಿ. ಎರಡೂ ಇಳಿಜಾರು ಒಂದೇ ಥರ ಇರಬೇಕು. ಒಂದು ಕಡೆ ಕೊಕ್ಕೆಯಂತೆ ಬಾಗಿದ್ದರೆ ಅಥವಾ ತುದಿ ಮುಳ್ಳಿನಂತೆ ಚೂಪಾಗಿದ್ದರೆ ಸ್ಪ್ರಾಕೆಟ್ ಮುಗಿದಿದೆ. ಮುಂದಿನದು ಯಾವಾಗಲೂ ಬೇಗ ಸವೆಯುತ್ತದೆ: ಹಿಂದಿನ ಸ್ಪ್ರಾಕೆಟ್ ಒಂದು ಸುತ್ತು ಬರುವಷ್ಟರಲ್ಲಿ ಮುಂದಿನದು 3.43 ಸುತ್ತು ಸುತ್ತಿರುತ್ತದೆ, ಅಲ್ಲಿನ ಪ್ರತಿ ಹಲ್ಲಿಗೂ ಅಷ್ಟು ಪಟ್ಟು ಹೆಚ್ಚು ಕೆಲಸ. ಆದರೆ ಅದು ಕವರಿನೊಳಗೆ ಅಡಗಿರುವುದರಿಂದ ಹೆಚ್ಚಿನವರು ಹಿಂದಿನದನ್ನಷ್ಟೇ ನೋಡಿ ‘ಇನ್ನೂ ಚೆನ್ನಾಗಿದೆ’ ಎಂದು ತೀರ್ಮಾನಿಸಿಬಿಡುತ್ತಾರೆ.

ಚೈನು, ಎರಡು ಸ್ಪ್ರಾಕೆಟ್ಟು, ಮೂರನ್ನೂ ಒಟ್ಟಿಗೆ ಬದಲಿಸಿ. ಹಣ ಉಳಿಸಲು ಚೈನು ಮಾತ್ರ ಹಾಕಿಸುವವರು ಬಹಳ ಮಂದಿ. ಹಳೆಯ ಚೈನು ಉದ್ದವಾಗಿರುತ್ತದೆ, ಹಳೆಯ ಹಲ್ಲುಗಳೂ ಆ ಉದ್ದಕ್ಕೆ ತಕ್ಕಂತೆ ಸವೆದಿರುತ್ತವೆ. ಅದರ ಮೇಲೆ ಸರಿಯಾದ ಪಿಚ್ಚಿನ ಹೊಸ ಚೈನು ಕೂರಿಸಿದರೆ ಭಾರವೆಲ್ಲ ಒಂದೆರಡು ಹಲ್ಲಿನ ಮೇಲೇ ಬಿದ್ದು ಹೊಸ ಚೈನೂ ಬೇಗ ಹಾಳಾಗುತ್ತದೆ. ಉಳಿಸಿದ ದುಡ್ಡು ಅಲ್ಲಿಗೆ ಸರಿಹೋಯಿತು.

ಕಿಟ್ ಕೊಳ್ಳುವಾಗ

ಬೆಂಗಳೂರಿನಲ್ಲಾದರೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ, ಬೇರೆ ಊರುಗಳಲ್ಲಿ ದೊಡ್ಡ ಸ್ಪೇರ್ ಅಂಗಡಿಗಳಲ್ಲಿ, ‘ಚೈನ್ ಸಾಕೆಟ್ ಸೆಟ್’ ಎಂದು ಕೇಳಿದರೆ ಮುಂದೆ ಇಡುತ್ತಾರೆ. ಕಂಪನಿಯ ಅಸಲಿ ಸೆಟ್ಟು, ಇಲ್ಲವೇ ಕೊಯಮತ್ತೂರಿನ ಎಲ್‌ಜಿಬಿ ಮಾಡುವ ರೋಲಾನ್‌ನಂಥ ಹೆಸರಿರುವ ಸೆಟ್ಟು ತೆಗೆದುಕೊಳ್ಳಿ. ಅಂಗಡಿಯಲ್ಲೇ ಬಾಕ್ಸ್ ತೆರೆದು ಮೂರು ವಿಷಯ ನೋಡಿ: ಎರಡೂ ಸ್ಪ್ರಾಕೆಟ್‌ಗಳ ಹಲ್ಲಿನ ಸಂಖ್ಯೆ, ಚೈನಿನ ಮೇಲೆ ಕೊರೆದಿರುವ 428 ಎಂಬ ಅಂಕಿ, ಮತ್ತು ಲಿಂಕುಗಳ ಸಂಖ್ಯೆ. ಲಿಂಕ್ ಎಣಿಸುವಾಗ ಗೊಂದಲವಾದರೆ ಪಿನ್ ಎಣಿಸಿ. ಸುತ್ತು ಕೂಡಿದ ಚೈನಿನಲ್ಲಿ ಎಷ್ಟು ಪಿನ್ನೋ ಅಷ್ಟೇ ಲಿಂಕು. ಒಳಪ್ಲೇಟು, ಹೊರಪ್ಲೇಟು ಸರದಿಯಲ್ಲಿ ಬರುವುದರಿಂದ ಈ ಸಂಖ್ಯೆ ಸಮಸಂಖ್ಯೆಯೇ ಆಗಿರುತ್ತದೆ. ಬೆಸ ಬಂದಿದ್ದರೆ ಎಣಿಕೆ ತಪ್ಪಿದೆ, ಇನ್ನೊಮ್ಮೆ ಎಣಿಸಿ.

ಓ-ರಿಂಗ್ ಚೈನೋ ಸಾದಾ ಚೈನೋ? ಓ-ರಿಂಗ್ ಚೈನಿನಲ್ಲಿ ಪ್ರತಿ ಪಿನ್ನಿನ ಗ್ರೀಸನ್ನು ರಬ್ಬರ್ ಉಂಗುರಗಳು ಒಳಗೇ ಹಿಡಿದಿಡುತ್ತವೆ. ಮಲೆನಾಡಿನ ಮಳೆಯಲ್ಲೋ ಕೆಂಪು ದೂಳಿನ ರಸ್ತೆಯಲ್ಲೋ ಓಡಾಡುವವರಿಗೆ ಹೆಚ್ಚಿನ ಬೆಲೆ ಖಂಡಿತ ಸಾರ್ಥಕ. ಆದರೆ ಅದು ಸಾದಾ ಚೈನಿಗಿಂತ ಅಗಲ. ಮುಂದಿನ ಕವರಿಗೋ ಎಂಜಿನ್ ಕೇಸಿಗೋ ಉಜ್ಜದೆ ಹಾಯುತ್ತದೆಯೇ ಎಂದು ಕೂರಿಸಿದ ಮೇಲೆ ಕೈಯಲ್ಲಿ ಸುತ್ತಿಸಿ ನೋಡಲೇಬೇಕು.

ಹಲ್ಲಿನ ಲೆಕ್ಕ ಬದಲಿಸುವ ಆಸೆಯಿದ್ದರೆ

ಈ ವಿಷಯದಲ್ಲಿ ಕೇಳಿಬರುವ ಸಲಹೆಗಳಲ್ಲಿ ಅರ್ಧ ಉತ್ಸಾಹ, ಅರ್ಧ ಲೆಕ್ಕ. ಲೆಕ್ಕ ಮಾತ್ರ ಹೀಗೆ: 48ನ್ನು 14ರಿಂದ ಭಾಗಿಸಿದರೆ 3.43. ಮುಂದೆ 15 ಹಾಕಿದರೆ 3.20. ಮೊದಲು ಟಾಪ್ ಗೇರಿನಲ್ಲಿ 7000 ಆರ್‌ಪಿಎಂ ಸುತ್ತುತ್ತಿದ್ದ ವೇಗದಲ್ಲಿ ಈಗ ಸುಮಾರು 6500 ಸುತ್ತುತ್ತದೆ. ಹೈವೇಯಲ್ಲಿ ಎಂಜಿನ್ ಸದ್ದು ಇಳಿಯುತ್ತದೆ. ಆದರೆ ಸಿಗ್ನಲ್ಲಿನಿಂದ ಹೊರಡುವಾಗ, ಘಾಟಿ ಹತ್ತುವಾಗ ಎಳೆತ ಕಡಿಮೆಯಾಗಿ ಗೇರು ಇಳಿಸಬೇಕಾಗುತ್ತದೆ. ಮುಂದೆ 13 ಹಾಕಿದರೆ 3.69. ಎಳೆತ ಚುರುಕು, ಅದೇ ವೇಗಕ್ಕೆ ಎಂಜಿನ್ 7500ರ ಮೇಲೆ. ಮುಂದಿನ ಒಂದು ಹಲ್ಲು ಹಿಂದಿನ ಮೂರ್ನಾಲ್ಕು ಹಲ್ಲಿಗೆ ಸಮ. ಆದ್ದರಿಂದ ಸಣ್ಣ ವ್ಯತ್ಯಾಸ ಬೇಕಿದ್ದವರು ಹಿಂದಿನದರಲ್ಲಿ ಒಂದೆರಡು ಹಲ್ಲು ಆಚೀಚೆ ಮಾಡುವುದು ಒಳ್ಳೆಯದು.

ಸಣ್ಣ ಸ್ಪ್ರಾಕೆಟ್ಟಿಗೆ ಇನ್ನೂ ಎರಡು ತೊಂದರೆ ಇವೆ. ಚೈನು ಹೆಚ್ಚು ಬಾಗಿ ಸುತ್ತಬೇಕಾದ್ದರಿಂದ ಬೇಗ ಸವೆಯುತ್ತದೆ, ಮತ್ತು ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಮೇಲಿನ ರಬ್ಬರ್ ಪಟ್ಟಿಯನ್ನು ಉಜ್ಜುತ್ತ ಹೋಗುತ್ತದೆ. ಸ್ಪೀಡ್ ಸೆನ್ಸರ್ ಗೇರ್‌ಬಾಕ್ಸಿನಲ್ಲಿರುವ ಗಾಡಿಗಳಲ್ಲಿ ಸ್ಪೀಡೋಮೀಟರ್ ಲೆಕ್ಕವೂ ತಪ್ಪುತ್ತದೆ. ಮುಂದಿನ ಚಕ್ರದಿಂದ ಓದುವ ಗಾಡಿಗಳಿಗೆ ಆ ಚಿಂತೆ ಇಲ್ಲ. ಚೈನಿನ ಉದ್ದ ಅಷ್ಟೇ ಇದ್ದರೆ, ಯಾವುದೇ ಸ್ಪ್ರಾಕೆಟ್ಟಿಗೆ ಒಂದು ಹಲ್ಲು ಸೇರಿದಾಗ ಹಿಂದಿನ ಆಕ್ಸಲ್ ಕಾಲು ಪಿಚ್, ಅಂದರೆ ಸುಮಾರು 3.2 ಮಿ.ಮೀ. ಮುಂದೆ ಬರುತ್ತದೆ. ಆಕ್ಸಲನ್ನು ಹಿಂದೆ ಮುಂದೆ ಸರಿಸುವ ಅಡ್ಜಸ್ಟರಿನಲ್ಲಿ ಅಷ್ಟು ಜಾಗ ಇದ್ದರೆ ಚೈನಿನ ಲಿಂಕ್ ಬದಲಿಸುವ ಅಗತ್ಯವಿಲ್ಲ.

ಬೇಕಾದ ಸಾಮಾನು

ಹಿಂದಿನ ಚಕ್ರ ಎತ್ತಿ ಹಿಡಿಯುವ ಪ್ಯಾಡಕ್ ಸ್ಟ್ಯಾಂಡ್ ಬೇಕೇ ಬೇಕು. ಆರ್15ಕ್ಕೆ ಸೆಂಟರ್ ಸ್ಟ್ಯಾಂಡ್ ಇಲ್ಲ. ಇಟ್ಟಿಗೆ, ಮರದ ತುಂಡು ಅಂತ ಜೋಡಿಸಿ ಚಕ್ರ ಎತ್ತುವ ಸಾಹಸ ಬೇಡ, ಬಿಗಿಯಾದ ಆಕ್ಸಲ್ ನಟ್ಟಿಗೆ ಬಲ ಹಾಕುವಾಗಲೇ ಗಾಡಿ ಜಾರುವುದು. ಸ್ಪ್ಯಾನರ್ ಸೆಟ್ಟು, ಆಕ್ಸಲ್ ನಟ್ಟಿಗೆ ಹೊಂದುವ ಸಾಕೆಟ್ಟು ಮತ್ತು ಉದ್ದ ಹಿಡಿ, 8 ಮತ್ತು 10ರ ಟಿ-ಸ್ಪ್ಯಾನರ್, ಅಲೆನ್ ಕೀ ಸೆಟ್ಟು, ಮೂತಿ ಉದ್ದನೆಯ ಇಕ್ಕಳ, ರಬ್ಬರ್ ಸುತ್ತಿಗೆ, ತಂತಿ ಬ್ರಷ್ಷು, ಉಕ್ಕಿನ ಅಳತೆಪಟ್ಟಿ. ಟಾರ್ಕ್ ರೆಂಚ್ 20ರಿಂದ 110 ನ್ಯೂಟನ್ ಮೀಟರ್ ವ್ಯಾಪ್ತಿಯದು ಒಂದಿದ್ದರೆ ಬಹುತೇಕ ಎಲ್ಲಕ್ಕೂ ಸಾಕು. ಹಳೆಯ ಚೈನು ಕತ್ತರಿಸಲು ಚೈನ್ ಬ್ರೇಕರ್ ಅಥವಾ ಗ್ರೈಂಡರ್. ಸೀಮೆಎಣ್ಣೆ ಅಥವಾ ಡೀಸೆಲ್, ಬನಿಯನ್ ವೇಸ್ಟು, ಗ್ರೀಸು, ನೀಲಿ ಬಣ್ಣದ ಥ್ರೆಡ್ ಲಾಕರ್ (ಬೋಲ್ಟು ತಾನಾಗಿ ಸಡಿಲವಾಗದಂತೆ ಹಿಡಿಯುವ ಅಂಟು). ಕೈಗವಸು ಹಾಕಿಕೊಳ್ಳಿ, ಸ್ಪ್ರಾಕೆಟ್ ಹಲ್ಲಿಗೆ ಗೆಣ್ಣು ತಾಗಿದರೆ ಚರ್ಮ ಸುಲಿಯುತ್ತದೆ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡಬೇಕು. ಕೆಲಸದ ಯಾವ ಹಂತದಲ್ಲೂ ಎಂಜಿನ್ ಚಾಲೂ ಮಾಡಿ, ಗೇರಿಗೆ ಹಾಕಿ, ಚೈನು ತಿರುಗಿಸುತ್ತ ಒರೆಸುವುದು, ಎಣ್ಣೆ ಬಿಡುವುದು ಬೇಡ. ಬಟ್ಟೆಯ ತುದಿ ಸ್ಪ್ರಾಕೆಟ್ಟಿಗೆ ಸಿಕ್ಕಿದರೆ ಬೆರಳೂ ಜೊತೆಗೇ ಹೋಗುತ್ತದೆ, ಕೈ ಬಿಡುವಷ್ಟು ಸಮಯ ಇರುವುದಿಲ್ಲ. ಕೀ ತೆಗೆದು ಜೇಬಿಗೆ ಹಾಕಿಕೊಂಡೇ ಕೂರಿ. ಚಕ್ರವನ್ನು ಕೈಯಲ್ಲೇ ತಿರುಗಿಸಿ.

ಮೊದಲ ಹಂತ: ಸಡಿಲಿಸುವುದಷ್ಟೇ, ಬಿಚ್ಚುವುದಲ್ಲ

ಗಾಡಿಯನ್ನು ಸಮತಟ್ಟು ಜಾಗದಲ್ಲಿ ಸೈಡ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಎಡಗಡೆ ಗೇರ್ ಲಿವರಿನ ಕಡ್ಡಿ ಸೇರುವ ಪುಟ್ಟ ತೋಳು ಎಂಜಿನ್ನಿನ ಶಾಫ್ಟಿನ ಮೇಲೆ ಎಲ್ಲಿ ಕೂತಿದೆ ಎಂದು ಶಾಫ್ಟು, ತೋಳು ಎರಡಕ್ಕೂ ಸೇರಿದಂತೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ಹಾಕದೆ ಬಿಚ್ಚಿದರೆ ಮರಳಿ ಕೂರಿಸುವಾಗ ಒಂದು ಹಲ್ಲು ಆಚೀಚೆಯಾಗಿ ಲಿವರು ಕಾಲಿಗೆ ಎತ್ತರವೋ ತಗ್ಗೋ ಆಗುತ್ತದೆ. ತೋಳಿನ ಬೋಲ್ಟನ್ನು ಪೂರ್ತಿ ಹೊರತೆಗೆದ ಮೇಲೆಯೇ ಎಳೆಯಿರಿ. ಬರೀ ಸಡಿಲಿಸಿ ಎಳೆದರೆ ಬರುವುದಿಲ್ಲ.

ಮುಂದಿನ ಸ್ಪ್ರಾಕೆಟ್ ಕವರಿನ ಬೋಲ್ಟುಗಳು ಒಂದೇ ಉದ್ದ ಇರದಿರಬಹುದು. ರಟ್ಟಿನ ತುಂಡಿನ ಮೇಲೆ ಕವರಿನ ಆಕಾರ ಬರೆದು ಆಯಾ ಜಾಗಕ್ಕೆ ಚುಚ್ಚಿಡಿ. ಉದ್ದದ್ದನ್ನು ಗಿಡ್ಡ ತೂತಿಗೆ ಹಾಕಿ ಬಿಗಿದರೆ ಅಲ್ಯುಮಿನಿಯಂ ಕೇಸು ಒಡೆಯುತ್ತದೆ. ಕವರು ತೆಗೆದಾಗ ಒಳಗೆ ಹಳೆಯ ಎಣ್ಣೆ, ಮರಳು, ದೂಳು ಸೇರಿ ಕಪ್ಪು ಮುದ್ದೆಯಾಗಿರುತ್ತದೆ. ಮರದ ಕಡ್ಡಿಯಿಂದ ಕೆರೆದು ತೆಗೆಯಿರಿ. ಸ್ಕ್ರೂಡ್ರೈವರ್ ಬಳಸಿದರೆ ಶಾಫ್ಟಿನ ಆಯಿಲ್ ಸೀಲಿಗೆ ಗೀರು ಬೀಳಬಹುದು. ಒರೆಸಿದ ಮೇಲೆ ಸೀಲಿನ ಸುತ್ತ ಹೊಸ ಎಂಜಿನ್ ಆಯಿಲ್ ಜಿನುಗುತ್ತಿದ್ದರೆ ಸೀಲು ಬದಲಿಸಲು ಇದಕ್ಕಿಂತ ಒಳ್ಳೆಯ ಸಮಯ ಸಿಗದು.

ಸ್ಪ್ರಾಕೆಟ್ಟನ್ನು ಶಾಫ್ಟಿಗೆ ಹಿಡಿದಿಡುವ ರೀತಿ ಗಾಡಿಯಿಂದ ಗಾಡಿಗೆ ಬೇರೆ. ಆರ್15ರಂಥ ಸಣ್ಣ ಯಮಾಹಾಗಳಲ್ಲಿ ತೆಳುವಾದ ಲಾಕ್ ಪ್ಲೇಟೂ ಅದಕ್ಕೆ 10ರ ತಲೆಯ ಎರಡು ಸಣ್ಣ ಬೋಲ್ಟೂ ಇರುತ್ತವೆ. ಕೆಲವು ಗಾಡಿಗಳಲ್ಲಿ ನಡುವೆ ಒಂದೇ ಬೋಲ್ಟು. ಇನ್ನು ಕೆಲವದರಲ್ಲಿ ದೊಡ್ಡ ನಟ್ಟು, ಅದರಡಿ ಅಂಚು ಮಡಚಿದ ವಾಷರು. ಆ ಮಡಿಕೆಯನ್ನು ಉಳಿಯಿಂದ ಪೂರ್ತಿ ಚಪ್ಪಟೆ ಮಾಡದೆ ನಟ್ಟು ಅಲುಗಾಡಿಸಬೇಡಿ. ಗಾಡಿಯನ್ನು ಒಂದನೇ ಗೇರಿಗೆ ಹಾಕಿ, ಇನ್ನೊಬ್ಬರಿಗೆ ಹಿಂದಿನ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಸಡಿಲಿಸಿ. ಬಲವೆಲ್ಲ ಬ್ರೇಕೇ ತಡೆಯಬೇಕು. ಬರೀ ಗೇರಿನ ಮೇಲೆ ಭಾರ ಹಾಕುವುದು ಗೇರ್‌ಬಾಕ್ಸಿಗೆ ಒಳ್ಳೆಯದಲ್ಲ.

ಹಾಗೇ ಬ್ರೇಕ್ ಹಿಡಿದಿರುವಾಗಲೇ ಹಿಂದಿನ ಸ್ಪ್ರಾಕೆಟ್ಟಿನ ನಟ್ಟುಗಳನ್ನು ಕಾಲು ಸುತ್ತು ಸಡಿಲಿಸಿ. ರಿಂಗ್ ಸ್ಪ್ಯಾನರೇ ಇರಲಿ. ಬಾಯಿ ತೆರೆದ ಡಿ ಸ್ಪ್ಯಾನರ್ ಜಾರಿದರೆ ನಟ್ಟಿನ ಮೂಲೆಗಳು ದುಂಡಗಾಗುತ್ತವೆ. ಕೊನೆಗೆ ಆಕ್ಸಲ್ ನಟ್ಟನ್ನೂ ಅರ್ಧ ಸುತ್ತು. ಇಷ್ಟಾದರೆ ಹೆಣಗಾಡುವ ಕೆಲಸ ಮುಗಿಯಿತು.

ಚೈನು, ಚಕ್ರ ಕಳಚುವುದು

ಗಾಡಿಯನ್ನು ಪ್ಯಾಡಕ್ ಸ್ಟ್ಯಾಂಡಿಗೆ ಏರಿಸಿ ನ್ಯೂಟ್ರಲ್ಲಿಗೆ ತನ್ನಿ. ಮುಂದಿನ ಬ್ರೇಕ್ ಲಿವರನ್ನು ರಬ್ಬರ್ ಬ್ಯಾಂಡಿನಿಂದ ಹ್ಯಾಂಡಲಿಗೆ ಕಟ್ಟಿದರೆ ಗಾಡಿ ಉರುಳುವುದಿಲ್ಲ. ಹಳೆಯ ಚೈನು ಹೇಗೂ ಗುಜರಿಗೆ ಹೋಗುವುದಾದ್ದರಿಂದ ಚೈನಿನ ತುದಿಗಳನ್ನು ಕೂಡಿಸುವ ಲಿಂಕಿಗೆ ಲಾಕ್ (ಸಣ್ಣ ಕ್ಲಿಪ್) ಇದ್ದರೆ ಲಾಕ್ ತೆಗೆಯಿರಿ. ಇಲ್ಲದಿದ್ದರೆ ಒಂದು ಲಿಂಕಿನ ಎರಡು ಪಿನ್ ತಲೆಗಳನ್ನು ಗ್ರೈಂಡರಿನಿಂದ ಪ್ಲೇಟಿನ ಮಟ್ಟಕ್ಕೆ ಉಜ್ಜಿ, ಬ್ರೇಕರಿನಿಂದ ಪಿನ್ನು ತಳ್ಳಿ. ಪಿನ್ ತಲೆ ಉಜ್ಜದೆ ಬ್ರೇಕರ್ ತಿರುಗಿಸಿದರೆ ಬ್ರೇಕರಿನ ಮೊಳೆಯೇ ಮುರಿಯುತ್ತದೆ. ಗ್ರೈಂಡರಿನ ಕಿಡಿ ಟೈರು, ಪೇಂಟು, ಸೀಮೆಎಣ್ಣೆ ಡಬ್ಬಿಯ ಕಡೆಗೆ ಹಾರದಂತೆ ಒದ್ದೆ ಬಟ್ಟೆ ಹೊದಿಸಿ, ಕಣ್ಣಿಗೆ ಕನ್ನಡಕ ಹಾಕಿ.

ಚೈನ್ ಅಡ್ಜಸ್ಟರುಗಳ ಲಾಕ್ ನಟ್ಟು ಸಡಿಲಿಸಿ, ಬೋಲ್ಟುಗಳನ್ನು ಪೂರ್ತಿ ಹಿಂದಕ್ಕೆ ಬಿಡಿ. ಆಕ್ಸಲ್ ನಟ್ಟು ತೆಗೆದು, ಚಕ್ರದಡಿ ಪಾದ ಕೊಟ್ಟು ಭಾರ ತಗ್ಗಿಸಿ, ಆಕ್ಸಲನ್ನು ಹೊರಗೆಳೆಯಿರಿ. ಚಕ್ರ ಇಳಿಯುವ ಕ್ಷಣದಲ್ಲಿ ಎರಡೂ ಬದಿಯ ಕಾಲರುಗಳು (ಆಕ್ಸಲ್ ಹಾಯುವ ಲೋಹದ ಬಳೆಗಳು) ಉದುರುತ್ತವೆ. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ, ಯಾವ ಮುಖ ಹೊರಗಿತ್ತೋ ಅದೇ ಮುಖ ಮೇಲೆ ಮಾಡಿ ಇಡಿ, ಅಥವಾ ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಕ್ಯಾಲಿಪರ್ ಬ್ರೇಕ್ ಪೈಪಿನಿಂದ ಜೋತಾಡದಂತೆ ಕಟ್ಟಿ, ಪ್ಯಾಡುಗಳ ನಡುವೆ ರಟ್ಟು ತುರುಕಿ. ಡಿಸ್ಕಿಲ್ಲದಾಗ ಯಾರಾದರೂ ಬ್ರೇಕ್ ಪೆಡಲ್ ತುಳಿದರೆ ಪಿಸ್ಟನ್ ಹೊರಬಂದು, ಚಕ್ರ ಹಾಕುವಾಗ ಡಿಸ್ಕು ಒಳಗೆ ಹೋಗುವುದಿಲ್ಲ. ಎಬಿಎಸ್ ಇರುವ ಗಾಡಿಯಾದರೆ ಸೆನ್ಸರ್ ವೈರು ಎಳೆಯದಂತೆಯೂ ಜಾಗ್ರತೆ.

ಕಪ್ಲಿಂಗ್, ರಬ್ಬರು, ಬೇರಿಂಗು

ಚಕ್ರವನ್ನು ಸ್ಪ್ರಾಕೆಟ್ ಮೇಲೆ ಬರುವಂತೆ ಹಳೆಯ ಟೈರಿನ ಮೇಲೆ ಮಲಗಿಸಿ. ಡಿಸ್ಕಿನ ಮೇಲೆ ಚಕ್ರದ ಭಾರ ಬೀಳಬಾರದು. ಸ್ಪ್ರಾಕೆಟ್ ಹೊತ್ತ ಕಪ್ಲಿಂಗ್ ಕೈಯಲ್ಲೇ ಮೇಲೆ ಬರುತ್ತದೆ. ಅದರಡಿ ಹಬ್ಬಿನ ಗೂಡುಗಳಲ್ಲಿ ಡ್ಯಾಂಪರ್ ರಬ್ಬರುಗಳು ಕೂತಿರುತ್ತವೆ. ತೆಗೆಯುವ ಮೊದಲೇ ಕಪ್ಲಿಂಗನ್ನು ಎಡಕ್ಕೂ ಬಲಕ್ಕೂ ತಿರುವಿ ನೋಡಿ: ಗಟ್ಟಿಯಾಗಿ ತಡೆದರೆ ರಬ್ಬರು ಚೆನ್ನಾಗಿವೆ, ಪುಟುಪುಟು ಅಲುಗಾಡಿದರೆ ಸವೆದಿವೆ. ಸವೆದ ರಬ್ಬರಿಗೆ ಹಳೆಯ ಟ್ಯೂಬಿನ ಚೂರು ಸೇರಿಸಿ ಬಿಗಿ ಮಾಡುವ ಉಪಾಯ ಗ್ಯಾರೇಜುಗಳಲ್ಲಿ ಚಾಲ್ತಿಯಲ್ಲಿದೆ. ಕೆಲವು ತಿಂಗಳು ನಡೆಯುತ್ತದೆ, ಅಷ್ಟೇ. ರಬ್ಬರ್ ಸೆಟ್ಟು ಅಗ್ಗ, ಹೊಸ ಚೈನಿಗೆ ಹೊಸ ರಬ್ಬರು ಹಾಕುವುದೇ ಸರಿ. ಗ್ರೀಸು ಬಳಿಯಬೇಡಿ, ರಬ್ಬರು ಉಬ್ಬುತ್ತದೆ. ಬಿಗಿಯಾಗಿದ್ದರೆ ಸೋಪಿನ ನೀರು ಸಾಕು.

ಕಪ್ಲಿಂಗಿನ ಬೇರಿಂಗಿನಲ್ಲಿ ಬೆರಳು ಹಾಕಿ ತಿರುಗಿಸಿ. ಮರಳು ಸಿಕ್ಕಿದಂತೆ ಕರಕರ ಅನ್ನಿಸಿದರೆ ಬದಲಿಸಿ. ಬೇರಿಂಗಿನೊಳಗೆ ಒಂದು ಕಾಲರ್ ಇರುತ್ತದೆ, ಅದು ಬಿದ್ದುಹೋಗಿ ನೆಲದ ಮೇಲೆ ಉಳಿದುಬಿಡುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ದುಬಾರಿ ಮರೆವು. ಅದಿಲ್ಲದೆ ಆಕ್ಸಲ್ ಬಿಗಿದರೆ ಬೇರಿಂಗಿನ ಒಳ ಉಂಗುರದ ಮೇಲೆ ಪಕ್ಕದ ಒತ್ತಡ ಬಿದ್ದು, ಚಕ್ರ ಭಾರವಾಗಿ ತಿರುಗುತ್ತದೆ, ಬೇರಿಂಗು ಬೇಗ ಕೈಕೊಡುತ್ತದೆ.

ಈಗ ಹಳೆಯ ಸ್ಪ್ರಾಕೆಟ್ ತೆಗೆದು, ಕಪ್ಲಿಂಗಿನ ಮುಖವನ್ನು ತಂತಿ ಬ್ರಷ್ಷಿನಿಂದ ಉಜ್ಜಿ. ಅಕ್ಕಿಕಾಳಿನಷ್ಟು ಮರಳು ಅಡಿಯಲ್ಲಿ ಉಳಿದರೂ ಸ್ಪ್ರಾಕೆಟ್ ಓರೆಯಾಗಿ ಕೂತು ಚೈನು ಅತ್ತಿತ್ತ ಓಲಾಡುತ್ತದೆ. ಹೊಸದನ್ನು ಹಳೆಯದರ ಮೇಲಿಟ್ಟು ತೂತುಗಳು, ನಡುವಿನ ರಂಧ್ರ, ದಪ್ಪ ತಾಳೆ ನೋಡಿ. ಅಂಕಿ ಕೊರೆದ ಮುಖ ಸಾಮಾನ್ಯವಾಗಿ ಹೊರಗೆ ಬರಬೇಕು, ಆದರೂ ಹಳೆಯದು ಹೇಗಿತ್ತೋ ಹಾಗೇ ಕೂರಿಸುವುದು ಕ್ಷೇಮ. ನಟ್ಟುಗಳನ್ನು ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. ಸರ್ವಿಸ್ ಮ್ಯಾನುಯಲ್ ಅಂಕಿಯೇ ಅಂತಿಮ. ಅಂದಾಜಿಗೆ ಬೇಕೆಂದರೆ 8 ಮಿ.ಮೀ. ಥ್ರೆಡ್ಡಿಗೆ 25ರ ಆಸುಪಾಸು, 10 ಮಿ.ಮೀ. ಥ್ರೆಡ್ಡಿಗೆ 45ರ ಆಸುಪಾಸು ನ್ಯೂಟನ್ ಮೀಟರ್. ಸ್ಟಡ್ಡೇ ನಟ್ಟಿನ ಜೊತೆ ಹೊರಬಂದಿದ್ದರೆ ಅದಕ್ಕೆ ಥ್ರೆಡ್ ಲಾಕರ್ ಹಚ್ಚಿ ಮೊದಲು ಕಪ್ಲಿಂಗಿಗೆ ಕೂರಿಸಿ. ಕೊನೆಯ ಬಿಗಿತ ಚಕ್ರ ಗಾಡಿಗೆ ಏರಿದ ಮೇಲೆ, ಬ್ರೇಕ್ ಹಿಡಿದು.

ಮುಂದಿನ ಸ್ಪ್ರಾಕೆಟ್

ಲಾಕ್ ಪ್ಲೇಟಿನ ಎರಡು ಬೋಲ್ಟು ತೆಗೆದ ಮೇಲೂ ಪ್ಲೇಟು ನೇರವಾಗಿ ಹೊರಬರುವುದಿಲ್ಲ. ಅದು ಶಾಫ್ಟಿನ ಸುತ್ತಲಿನ ಕಾಲುವೆಯಲ್ಲಿ ಸಿಕ್ಕಿಕೊಂಡಿರುತ್ತದೆ. ಅದರ ಒಳಹಲ್ಲುಗಳು ಶಾಫ್ಟಿನ ಗೀರುಗಳಿಗೆ (ಉದ್ದಕ್ಕೂ ಕೊರೆದ ಹಲ್ಲುಗಳಿಗೆ) ಸರಿಬರುವವರೆಗೆ ತುಸು ತಿರುವಿ, ಆಗ ಜಾರಿ ಬರುತ್ತದೆ. ಶಾಫ್ಟಿನ ಗೀರುಗಳನ್ನು ಒರೆಸಿ, ತೆಳ್ಳಗೆ ಗ್ರೀಸು ಹಚ್ಚಿ, ಹೊಸ ಸ್ಪ್ರಾಕೆಟ್ ಏರಿಸಿ. ಒಂದು ಕಡೆ ಉಬ್ಬಿದ್ದರೆ ಅದು ಹಳೆಯದರಲ್ಲಿ ಯಾವ ಕಡೆಗಿತ್ತೋ ಆ ಕಡೆಗೇ ಇರಲಿ. ತಿರುಗುಮುರುಗಾದರೆ ಚೈನ್ ಗೆರೆ ಕೆಲವು ಮಿಲಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ಪ್ಲೇಟನ್ನು ಕಾಲುವೆಗೆ ಸೇರಿಸಿ, ತಿರುವಿ ತೂತು ಹೊಂದಿಸಿ, ಬೋಲ್ಟಿಗೆ ಒಂದು ಹನಿ ಥ್ರೆಡ್ ಲಾಕರ್ ಹಾಕಿ 10 ನ್ಯೂಟನ್ ಮೀಟರಿಗೆ ಬಿಗಿಯಿರಿ. 6 ಮಿ.ಮೀ. ಬೋಲ್ಟು, ಅತಿಯಾದರೆ ಮುರಿಯುತ್ತದೆ. 20ರಿಂದ ಶುರುವಾಗುವ ಟಾರ್ಕ್ ರೆಂಚ್ ಇದಕ್ಕೆ ಆಗದು. ಗಿಡ್ಡ ಸ್ಪ್ಯಾನರನ್ನು ಮಣಿಕಟ್ಟಿನ ಬಲದಲ್ಲಷ್ಟೇ ತಿರುಗಿಸಿ.

ಬಿಗಿದ ಮೇಲೂ ಸ್ಪ್ರಾಕೆಟ್ ಶಾಫ್ಟಿನ ಮೇಲೆ ಕೂದಲೆಳೆಯಷ್ಟು ಅಲುಗಾಡುತ್ತದೆ. ಇದನ್ನು ಕಂಡು ಗಾಬರಿಯಾಗಿ ಮತ್ತೆ ಮತ್ತೆ ಬಿಗಿದು ಬೋಲ್ಟು ಮುರಿದುಕೊಳ್ಳುವವರಿದ್ದಾರೆ. ಲಾಕ್ ಪ್ಲೇಟಿನ ವ್ಯವಸ್ಥೆಯಲ್ಲಿ ಆ ಸಣ್ಣ ಆಟ ಇರಬೇಕಾದ್ದೇ, ಚೈನಿನ ಗೆರೆಗೆ ಸ್ಪ್ರಾಕೆಟ್ ತಾನೇ ಹೊಂದಿಕೊಳ್ಳಲಿ ಎಂದು. ದೊಡ್ಡ ನಟ್ಟಿನ ಗಾಡಿಗಳಿಗೆ ಮಾತ್ರ ಈ ಆಟ ಸಲ್ಲದು. ಅಲ್ಲಿ ಹೊಸ ವಾಷರ್ ಹಾಕಿ, ಚೈನು ಏರಿಸಿ ಬ್ರೇಕ್ ಹಿಡಿದು ಮ್ಯಾನುಯಲ್ಲಿನಷ್ಟು ಬಿಗಿದು, ವಾಷರಿನ ಅಂಚನ್ನು ನಟ್ಟಿನ ಚಪ್ಪಟೆ ಮುಖಕ್ಕೆ ಮಡಚಬೇಕು.

ಹೊಸ ಚೈನು ಮತ್ತು ಲಾಕು

ಕಪ್ಲಿಂಗು, ಕಾಲರು, ಕ್ಯಾಲಿಪರು ಎಲ್ಲ ಜಾಗಕ್ಕೆ ಬಂದ ಮೇಲೆ ಚಕ್ರ ಏರಿಸಿ, ಆಕ್ಸಲಿಗೆ ತೆಳ್ಳಗೆ ಗ್ರೀಸು ಹಚ್ಚಿ ತೂರಿಸಿ, ನಟ್ಟನ್ನು ಬೆರಳಲ್ಲಿ ತಿರುಗಿಸಿಡಿ. ಚಕ್ರವನ್ನು ಪೂರ್ತಿ ಮುಂದಕ್ಕೆ ತಳ್ಳಿ. ಚೈನನ್ನು ಸ್ವಿಂಗ್ ಆರ್ಮಿನ ಮೇಲೂ ಕೆಳಗೂ ಸರಿಯಾದ ದಾರಿಯಲ್ಲಿ ಹಾಯಿಸಿ, ಎರಡೂ ತುದಿಗಳನ್ನು ಹಿಂದಿನ ಸ್ಪ್ರಾಕೆಟ್ಟಿನ ಹಲ್ಲುಗಳ ಮೇಲೆ ಎದುರುಬದುರು ಕೂರಿಸಿ. ಹಲ್ಲುಗಳೇ ತುದಿಗಳನ್ನು ಹಿಡಿದುಕೊಳ್ಳುವುದರಿಂದ ಲಿಂಕ್ ಹಾಕಲು ಇದೇ ಹದವಾದ ಜಾಗ. ಚೈನು ಉದ್ದವಾಗಿದ್ದರೆ ಕತ್ತರಿಸುವ ಮುನ್ನ ಎರಡು ಸಲ ಎಣಿಸಿ. ಎರಡೂ ತುದಿಯಲ್ಲಿ ಒಳಲಿಂಕು ಉಳಿಯಬೇಕು.

ಓ-ರಿಂಗ್ ಚೈನಾದರೆ ಲಿಂಕಿನ ಜೊತೆ ನಾಲ್ಕು ಉಂಗುರ ಬಂದಿರುತ್ತವೆ: ಎರಡು ಒಳಬದಿಗೆ, ಎರಡು ಹೊರಬದಿಗೆ. ಪೊಟ್ಟಣದಲ್ಲಿರುವ ಗ್ರೀಸನ್ನು ಪಿನ್ನಿಗೆ ಧಾರಾಳವಾಗಿ ಹಚ್ಚಿ. ಹೊರಪ್ಲೇಟನ್ನು ಪಕ್ಕದ ಲಿಂಕುಗಳ ಅಗಲಕ್ಕೆ ಸಮ ಬರುವವರೆಗೆ ಮಾತ್ರ ಒತ್ತಬೇಕು. ಹೆಚ್ಚು ಒತ್ತಿದರೆ ಲಿಂಕು ಬಾಗದೆ ಸೆಟೆದು ನಿಲ್ಲುತ್ತದೆ. ಕಡಿಮೆಯಾದರೆ ಲಾಕು ಗೂಡಿಗೆ ಇಳಿಯುವುದಿಲ್ಲ. ವರ್ನಿಯರ್ ಇದ್ದರೆ ಅಳೆಯಿರಿ.

ಲಾಕಿನ ದಿಕ್ಕು ತಪ್ಪಬಾರದು. ಅದರ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಮುಖ ಮಾಡಿರಬೇಕು: ಮೇಲಿನ ಓಟದಲ್ಲಿ ಗಾಡಿಯ ಮುಂಭಾಗಕ್ಕೆ, ಕೆಳಗಿನ ಓಟದಲ್ಲಿ ಹಿಂಭಾಗಕ್ಕೆ. ತೆರೆದ ಬಾಯಿ ಮುಂದಾದರೆ ಕಲ್ಲೋ ಕಡ್ಡಿಯೋ ತಾಗಿ ಲಾಕು ಹಾರಿಹೋಗಬಹುದು. ಇಕ್ಕಳದಲ್ಲಿ ಒತ್ತಿದಾಗ ‘ಟಕ್’ ಎಂದು ಎರಡೂ ಪಿನ್ನಿನ ಗೂಡಿಗೆ ಇಳಿದದ್ದು ಕಣ್ಣಿಗೆ ಕಾಣಬೇಕು. ಹಳೆಯ ಲಾಕು ಮತ್ತೆ ಬಳಸಬೇಡಿ. 155 ಸಿಸಿ ಗಾಡಿಗೆ ಲಾಕು ಸಾಕು. 300, 390 ಸಿಸಿ ಗಾಡಿಗಳಿಗೆ ಪಿನ್ ತಲೆ ಅಗಲಿಸಿ ಕೂಡಿಸುವ ರಿವೆಟ್ ಲಿಂಕೇ ಸರಿ. ರಿವೆಟ್ ಮಾಡಲು ಅದರ ಉಪಕರಣವೇ ಬೇಕು. ಸುತ್ತಿಗೆಯಲ್ಲಿ ಕುಟ್ಟಿದ ರಿವೆಟ್ಟನ್ನು ನಂಬಿ ಹೈವೇಗೆ ಹೋಗುವುದು ಬೇಡ.

ಸಡಿಲ, ಗೆರೆ, ಬಿಗಿತ

ಚೈನಿನ ಸಡಿಲವನ್ನು ಕೆಳಗಿನ ಓಟದ ನಡುವೆ ಅಳೆಯುತ್ತಾರೆ: ಬೆರಳಲ್ಲಿ ಪೂರ್ತಿ ಕೆಳಗೆ ಒತ್ತಿ, ಪೂರ್ತಿ ಮೇಲೆ ಎತ್ತಿ, ನಡುವಿನ ಅಂತರ. ಈ ವರ್ಗದ ಗಾಡಿಗಳಿಗೆ ಅದು ಸಾಮಾನ್ಯವಾಗಿ 25ರಿಂದ 35 ಮಿ.ಮೀ. ನಿಮ್ಮ ಗಾಡಿಯ ಖಚಿತ ಅಂಕಿ, ಮತ್ತು ಸೈಡ್ ಸ್ಟ್ಯಾಂಡಿನ ಮೇಲೆ ಅಳೆಯಬೇಕೋ ಚಕ್ರ ಎತ್ತಿ ಅಳೆಯಬೇಕೋ ಎಂಬುದು, ಓನರ್ಸ್ ಮ್ಯಾನುಯಲ್ಲಿನಲ್ಲಿ ಇರುತ್ತದೆ. ಚಕ್ರ ತಿರುಗಿಸುತ್ತ ಅತ್ಯಂತ ಬಿಗಿಯಾದ ಜಾಗ ಹುಡುಕಿ, ಅಲ್ಲೇ ಅಳೆಯಿರಿ.

ತುಸು ಸಡಿಲ ಇದ್ದರೂ ಪರವಾಗಿಲ್ಲ, ಬಿಗಿ ಮಾತ್ರ ಆಗಬಾರದು. ಸವಾರ ಕೂತು ಶಾಕ್ ಅಬ್ಸಾರ್ಬರ್ ಕುಗ್ಗಿದಾಗ ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮ್ ಕೀಲು, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬರುವಾಗ ಚೈನಿಗೆ ಅತ್ಯಂತ ಹೆಚ್ಚು ಉದ್ದ ಬೇಕು. ನಿಂತ ಗಾಡಿಯಲ್ಲೇ ತಂತಿಯಂತೆ ಬಿಗಿದಿದ್ದರೆ, ಆ ಹೊತ್ತಿಗೆ ಎಳೆತವೆಲ್ಲ ಗೇರ್‌ಬಾಕ್ಸ್ ಶಾಫ್ಟಿನ ಬೇರಿಂಗಿನ ಮೇಲೆ ಬೀಳುತ್ತದೆ. ಆ ಬೇರಿಂಗು ಬದಲಿಸಲು ಎಂಜಿನ್ನನ್ನೇ ಬಿಚ್ಚಬೇಕು.

ಎರಡೂ ಅಡ್ಜಸ್ಟರುಗಳನ್ನು ಕಾಲು ಕಾಲು ಸುತ್ತು ಸಮನಾಗಿ ತಿರುಗಿಸಿ. ಸ್ವಿಂಗ್ ಆರ್ಮ್ ಮೇಲಿನ ಗೀಟುಗಳನ್ನು ಪೂರ್ತಿ ನಂಬಬೇಡಿ. ಸ್ವಿಂಗ್ ಆರ್ಮ್ ಕೀಲಿನ ನಡುವಿನಿಂದ ಆಕ್ಸಲ್ ನಡುವಿಗೆ ಎರಡೂ ಬದಿ ಅಳೆದು ತಾಳೆ ನೋಡಿ. ಹಿಂದೆ ಕುಕ್ಕರಗಾಲಲ್ಲಿ ಕೂತು ಚೈನಿನ ಮೇಲ್ಭಾಗವನ್ನು ಒಂದು ಕಣ್ಣಿನಲ್ಲಿ ನೋಡಿದರೆ, ಸ್ಪ್ರಾಕೆಟ್ಟಿನಿಂದ ಹೊರಡುವ ಜಾಗದಲ್ಲಿ ಎಡಕ್ಕೋ ಬಲಕ್ಕೋ ತಿರುವು ಇದ್ದರೆ ಕಾಣುತ್ತದೆ.

ಆಕ್ಸಲ್ ಬಿಗಿಯುವಾಗ ಚಕ್ರ ಕದಲಿ ಮಾಡಿದ ಹೊಂದಾಣಿಕೆ ಕೆಡುವುದು ಸಾಮಾನ್ಯ. ಮಡಚಿದ ಬಟ್ಟೆಯನ್ನು ಮೇಲಿನ ಚೈನು ಹಿಂದಿನ ಸ್ಪ್ರಾಕೆಟ್ಟಿಗೆ ಸೇರುವ ಜಾಗದಲ್ಲಿಟ್ಟು, ಬೆರಳು ದೂರ ತೆಗೆದು, ಚಕ್ರವನ್ನು ಹಿಂದಕ್ಕೆ ತಿರುಗಿಸಿ. ಬಟ್ಟೆ ಸಿಕ್ಕಿ ಚೈನು ಎಳೆದು ಆಕ್ಸಲ್ ಅಡ್ಜಸ್ಟರುಗಳಿಗೆ ಒತ್ತಿ ಕೂರುತ್ತದೆ. ಹಾಗೇ ಇರುವಾಗ ನಟ್ಟು ಬಿಗಿಯಿರಿ. ಸಣ್ಣ ಸ್ಪೋರ್ಟ್ ಗಾಡಿಗಳಲ್ಲಿ ಇದರ ಅಂಕಿ ಸುಮಾರು 60ರಿಂದ 100 ನ್ಯೂಟನ್ ಮೀಟರ್ ಒಳಗೆ ಎಲ್ಲಿ ಬೇಕಾದರೂ ಇರುತ್ತದೆ, ಮ್ಯಾನುಯಲ್ ನೋಡದೆ ಊಹಿಸಬೇಡಿ. ಬಿಗಿದ ಮೇಲೆ ಸಡಿಲವನ್ನು ಇನ್ನೊಮ್ಮೆ ಅಳೆದು, ಅಡ್ಜಸ್ಟರಿನ ಲಾಕ್ ನಟ್ಟು ಬಿಗಿದು, ಹಿಂದಿನ ಸ್ಪ್ರಾಕೆಟ್ ನಟ್ಟುಗಳ ಕೊನೆಯ ಸುತ್ತು ಮುಗಿಸಿ, ಕವರು ಮತ್ತು ಗೇರ್ ತೋಳು ಗೆರೆಗೆ ಸರಿಯಾಗಿ ಕೂರಿಸಿ. ಹೊರಡುವ ಮುಂಚೆ ಹಿಂದಿನ ಬ್ರೇಕ್ ಪೆಡಲನ್ನು ಗಟ್ಟಿಯಾಗುವವರೆಗೆ ನಾಲ್ಕೈದು ಸಲ ಒತ್ತಲೇಬೇಕು.

ಓಡಿಸಿದಾಗ ಏನಾದರೂ ಸರಿಯಿಲ್ಲ ಅನ್ನಿಸಿದರೆ

ವೇಗದ ಜೊತೆ ಏರುವ ಗುಂಯ್ ಸದ್ದು ಬಂದರೆ ಮೊದಲ ಅನುಮಾನ ಬಿಗಿ ಚೈನಿನ ಮೇಲೆ, ಎರಡನೆಯದು ಓರೆಯಾದ ಚಕ್ರದ ಮೇಲೆ. ಪ್ರತಿ ಸುತ್ತಿಗೊಮ್ಮೆ ಟಕ್ ಎಂದರೆ ಸೆಟೆದ ಲಿಂಕು. ಹೊಸ ಲಿಂಕನ್ನು ಬೆರಳಲ್ಲಿ ಬಾಗಿಸಿ ನೋಡಿ. ಸ್ಪ್ರಾಕೆಟ್ಟಿನ ಒಳಪಕ್ಕದಲ್ಲಿ ಹೊಳೆಯುವ ಉಜ್ಜಿದ ಗುರುತು ಒಂದೇ ಬದಿಯಲ್ಲಿದ್ದರೆ ಗೆರೆ ತಪ್ಪಿದೆ. ಒಂದು ಕಡೆ ಬಿಗಿ, ಇನ್ನೊಂದು ಕಡೆ ತೀರಾ ಸಡಿಲ ಇದ್ದು ಚೈನೂ ಹೊಸದೇ ಆಗಿದ್ದರೆ ಸ್ಪ್ರಾಕೆಟ್ ನಡುಬಿಂದುವಿಗೆ ಸರಿಯಾಗಿ ಕೂತಿಲ್ಲ, ಅಥವಾ ಅಗ್ಗದ ಸೆಟ್ಟಿನ ತೂತೇ ಓರೆ. ಆಕ್ಸಿಲರೇಟರ್ ಬಿಟ್ಟು ಹಿಡಿದಾಗ ಹಿಂದಿನಿಂದ ಧಕ್ಕೆ ಬಂದರೆ ಅದು ಡ್ಯಾಂಪರ್ ರಬ್ಬರಿನ ದೂರು.

ಹೊಸ ಚೈನು ಶುರುವಿನಲ್ಲಿ ಸ್ವಲ್ಪ ಜಗ್ಗುತ್ತದೆ. ಮೊದಲ 200 ಕಿ.ಮೀ. ಆದಾಗ ಒಮ್ಮೆ, 500ಕ್ಕೆ ಇನ್ನೊಮ್ಮೆ ಸಡಿಲ ಅಳೆಯಿರಿ, ಸ್ಪ್ರಾಕೆಟ್ ನಟ್ಟುಗಳಿಗೂ ಸ್ಪ್ಯಾನರ್ ತಾಗಿಸಿ ನೋಡಿ, ಲಾಕು ಜಾಗದಲ್ಲಿದೆಯೇ ಎಂದು ಕಣ್ಣಾಡಿಸಿ. ಆಮೇಲೆ ಸುಮಾರು 500 ಕಿ.ಮೀ.ಗೊಮ್ಮೆ, ಮಳೆಯಲ್ಲಿ ನೆನೆದ ದಿನವಾದರೆ ಅಂದೇ, ಸೀಮೆಎಣ್ಣೆಯಲ್ಲಿ ಒರೆಸಿ ಚೈನ್ ಸ್ಪ್ರೇ ಅಥವಾ 90ರ ಗೇರ್ ಆಯಿಲ್ ಹಾಕಿ. ಓ-ರಿಂಗ್ ಚೈನಿಗೆ ಪೆಟ್ರೋಲೂ ಒರಟು ತಂತಿ ಬ್ರಷ್ಷೂ ತಾಗಿಸಬಾರದು. ಎಣ್ಣೆಯನ್ನು ಕೆಳಗಿನ ಓಟದ ಒಳಮುಖಕ್ಕೆ, ಸವಾರಿ ಮುಗಿಸಿ ಚೈನು ಬೆಚ್ಚಗಿರುವಾಗ ಹಚ್ಚಿ ರಾತ್ರಿ ಹಾಗೇ ಬಿಡಿ. ಹೊರಡುವ ಮುಂಚೆ ಹಾಕಿದ್ದು ರಿಮ್ಮಿಗೂ ಟೈರಿಗೂ ಸಿಡಿಯುತ್ತದೆ.